ಚಿತ್ರದ ಕೆಳಗಿನ ಸಾಲುಗಳು

ಆ ಫೋನು ಬಂದಾಗ ಶಿವಲೀಲಾ ಚನ್ನಗಿರಿಯ ತನ್ನ ಡಿಟಿಪಿ ಅಂಗಡಿಯಲ್ಲಿ ಕೂತು ಯಾರದೋ ಗೃಹಪ್ರವೇಶದ ಕಾರ್ಡಿಗೆ ಬಣ್ಣ ಹುಡುಕುತ್ತಿದ್ದಳು.

"ನಮ್ಮೂರ ಬಳಗ ವೆಬ್‌ಸೈಟ್ ನೋಡ್ಕೊಳ್ಳೋರು ನೀವೇನಾ?" ಗಂಡಸಿನ ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಇಳಿದ ಮೇಲಿನ ದಣಿವಿತ್ತು.

"ಹೌದು, ಹೇಳ್ರಿ."

"ನಿಮ್ಮ ವೆಬ್‌ಸೈಟ್ ನನ್ನ ಜೊತೆ ಮಾತಾಡಲ್ರಿ."

ಸೈಟಿನ ತುದಿಯಲ್ಲಿ ಅವಳ ನಂಬರ್ ಇತ್ತು. ಹೆಣ್ಣು ದನಿ ಕೇಳುವುದಕ್ಕೆಂದೇ ಫೋನ್ ಮಾಡುವವರಿಗೇನೂ ಕಡಿಮೆ ಇರಲಿಲ್ಲ. "ತಮಾಷೆ ಮಾಡಾಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ರಿ," ಎಂದು ಕಟ್ ಮಾಡಿದಳು.

ಫೋನು ಮತ್ತೆ ಬಡಿದುಕೊಂಡಿತು.

"ತಮಾಷೆ ಅಲ್ರಿ ಮೇಡಂ. ನಾನು ಕಲ್ಲೇಶ್ ಅಂತ, ಜಗಳೂರಿಂದ. ಹೈಸ್ಕೂಲ್ ಮೇಷ್ಟ್ರು. ನನಗೆ ಕಣ್ಣು ಕಾಣಲ್ಲ. ಮೊಬೈಲು ಓದಿ ಹೇಳುತ್ತೆ, ನಾನು ಕೇಳ್ತೀನಿ. ಹೋದ ಸೋಮವಾರ ನಿಮ್ಮ ನಿಧನ ವಾರ್ತೆ ಪುಟ ತೆಗೆದೆ. 'ಇಮೇಜ್' ಅಂತು, ಅಷ್ಟೇ. ಮುಂದಕ್ಕೆ ಹೋದೆ. ಅದು ಹೊನ್ನಾಳಿ ನಾಗೇಂದ್ರಪ್ಪ ಮೇಷ್ಟ್ರುದಂತೆ. ನಿನ್ನೆ ಗೊತ್ತಾತು. ಮಣ್ಣಿಗೆ ಹೋಗಾಕೆ ಆಗ್ಲಿಲ್ಲ."

ಶಿವಲೀಲಾಳ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಆ ಶ್ರದ್ಧಾಂಜಲಿ ಬ್ಯಾನರ್ ಮಾಡಿದವಳು ಅವಳೇ. ದೀಪ, ಕಮಲ, ತಿಳಿನೀಲಿ ಆಕಾಶ, ಬಂಗಾರದ ಅಂಚಿನ ಅಕ್ಷರಗಳಲ್ಲಿ ಹೆಸರು, ಊರು, ಮಣ್ಣು ಮಾಡುವ ಹೊತ್ತು. ಎಲ್ಲ ಸೇರಿ ಒಂದೇ ಚಿತ್ರ. ಚಿತ್ರದ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಬೇಕಾಗುತ್ತದೆ ಎಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ.

"ಸರ್, ನನಗೆ..."

"ಬೈಯಾಕೆ ಮಾಡಿಲ್ರಿ. ಫೋಟೋದಾಗೆ ಮೇಷ್ಟ್ರು ಹೆಂಗಿದಾರೆ? ಅಷ್ಟು ಹೇಳ್ತೀರಾ?"

ಅವಳು ಫೈಲ್ ತೆರೆದು ದೊಡ್ಡದು ಮಾಡಿ ನೋಡಿದಳು. ಬ್ಯಾನರ್ ಮಾಡುವಾಗ ಆ ಮುಖವನ್ನು ಕತ್ತರಿಸಿ ಕೂರಿಸಿದ್ದಳೇ ಹೊರತು ನೋಡಿರಲಿಲ್ಲ.

"ಬಿಳಿ ಅಂಗಿ. ಮೇಲಿನ ಗುಂಡಿ ಹಾಕಿಲ್ಲ. ಜೇಬಲ್ಲಿ ಎರಡು ಪೆನ್ನು ಇದಾವೆ. ವಿಭೂತಿ ಒಂದು ಕಡೆ ಅಳಿಸೈತೆ. ನಗ್ತಾ ಇಲ್ಲ. ಆದ್ರೆ ಇನ್ನೇನು ನಗ್ತಾರೆ ಅನ್ನೋ ಹಂಗೆ ಇದಾರೆ."

"ಹ್ಞೂಂ," ಎಂದ ಅವನು. "ಅವರೇ."

*

ನಮ್ಮೂರ ಬಳಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳ ಜನ ಕಟ್ಟಿಕೊಂಡ ಸಂಘ. ಮದುವೆ, ಸಾವು, ರಕ್ತ ಬೇಕು, ಹಾಸ್ಟೆಲ್ ಸೀಟು, ಬಸ್ಸಿನ ಟೈಮು ಎಲ್ಲ ಅದರ ಸೈಟಿನಲ್ಲಿ ಬರುತ್ತಿತ್ತು. ಅಧ್ಯಕ್ಷರು ಅಡಿಕೆ ವ್ಯಾಪಾರದ ಪಂಚಾಕ್ಷರಪ್ಪ. ಸೈಟು ನೋಡಿಕೊಳ್ಳುವ ಕೆಲಸ ಮೊದಲಿನಿಂದಲೂ ಶಿವಲೀಲಾಳದು.

"ಚಂದಾಗಿರೋ ಪಟ ನೋಡಾಕೆ ಜನ ಬರೋದು ಕಣಮ್ಮ," ಎಂದರು ಪಂಚಾಕ್ಷರಪ್ಪ, ಅವಳು ವಿಷಯ ಎತ್ತಿದಾಗ. "ಕಣ್ಣು ಕಾಣದೋರು ನಮ್ಮ ಬಳಗದಾಗೆ ಎಷ್ಟು ಜನ ಇದಾರು?"

"ಗೊತ್ತಿಲ್ಲ ಅಣ್ಣಾರೆ. ಒಳಗೆ ಬರಾಕೆ ದಾರಿನೇ ಇಲ್ದಾಗ ಎಷ್ಟು ಜನ ವಾಪಸ್ ಹೋದ್ರು ಅಂತ ಯಾರಿಗೆ ಗೊತ್ತಾಗುತ್ತೆ?"

ಅವರು ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. "ಪಟ ತೆಗಿಬೇಡ. ಉಳಿದಿದ್ದು ನಿನ್ನ ಪುರುಸೊತ್ತಿನಾಗೆ ಏನಾರ ಮಾಡ್ಕೊ."

ನಾಗೇಂದ್ರಪ್ಪ ಮೇಷ್ಟ್ರ ಶಿವಗಣಾರಾಧನೆಗೆ ಅವಳು ಹೊನ್ನಾಳಿಗೆ ಹೋದಳು. ಮೇಷ್ಟ್ರನ್ನು ಅವಳು ಕಂಡವಳಲ್ಲ. ಆ ದನಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕಿತ್ತು.

ಊಟದ ಪಂಕ್ತಿಯ ಆಚೆ, ಗೋಡೆಗೆ ಬಿಳಿ ಕೋಲು ಆನಿಸಿ ಕೂತಿದ್ದವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಮೂವತ್ತೈದರ ಆಸುಪಾಸು. ನೀಟಾಗಿ ಇಸ್ತ್ರಿ ಮಾಡಿದ ಅಂಗಿ. ಯಾರೋ ಏನೋ ಹೇಳಿದ್ದಕ್ಕೆ ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಿವಿಯಿಂದಲೇ ನಗುತ್ತಿರುವಂತೆ ಇದ್ದ.

ಅವಳು ಪಕ್ಕದ ಕುರ್ಚಿಯಲ್ಲಿ ಕೂತು ಹೆಸರು ಹೇಳಿದಳು. ಆಮೇಲೆ ಮಾತು ಬರಲಿಲ್ಲ. ಅವನ ರೆಪ್ಪೆ, ಗಲ್ಲದ ಮೇಲಿನ ಹಳೆಯ ಗಾಯದ ಗುರುತು, ಬೆರಳುಗಳು. ಗಂಡಸೊಬ್ಬನನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವಳು ಯಾವತ್ತೂ ನೋಡಿರಲಿಲ್ಲ.

"ನೋಡಿದ್ದು ಆತಾ?" ಎಂದ ಅವನು ಮೆಲ್ಲಗೆ.

ಶಿವಲೀಲಾಳ ಮುಖ ಕೆಂಪಾಯಿತು. "ಹೆಂಗೆ ಗೊತ್ತಾತು?"

"ಮಾತು ನಿಂತ್ತಲ್ಲ." ನಕ್ಕ. "ನೋಡ್ರಿ ಪರವಾಗಿಲ್ಲ. ಆದ್ರೆ ಸುಮ್ನೆ ನೋಡಬ್ಯಾಡ್ರಿ. ನನಗೂ ಏನಾರ ಕೊಡ್ರಿ. ಮಾತಾಡ್ತಾ ನೋಡ್ರಿ."

ಅವಳೂ ನಕ್ಕುಬಿಟ್ಟಳು. ಸಾವಿನ ಮನೆಯಲ್ಲಿದ್ದೇನೆ ಎಂದು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡಳು.

ಕಲ್ಲೇಶನಿಗೆ ಏಳನೇ ಕ್ಲಾಸಿನಲ್ಲಿ ದೃಷ್ಟಿ ಮಂಜಾಗತೊಡಗಿತ್ತಂತೆ. ಆಗ ಅವನ ಊರಿನ ಶಾಲೆಯಲ್ಲಿದ್ದ ನಾಗೇಂದ್ರಪ್ಪ ಮೇಷ್ಟ್ರು ಸಂಜೆ ಹೊತ್ತು ಅವನ ಮನೆ ಜಗಲಿಯ ಮೇಲೆ ಕೂತು ಪಾಠವನ್ನೆಲ್ಲ ಓದಿ ಹೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅವನಿಗೆ ಬೆಳಕು ಕತ್ತಲಿನ ವ್ಯತ್ಯಾಸ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

"ಮೇಷ್ಟ್ರಿಗೆ ಒಂದು ಹಿಡಿ ಮಣ್ಣು ಹಾಕ್ಬೇಕಿತ್ತು ನಾನು," ಎಂದ. ಆಮೇಲೆ ಅವಳ ಕಡೆ ತಿರುಗಿ, "ನೀವು ಬಂದಿದ್ದು ಒಳ್ಳೇದಾತು. ಇನ್ನೊಬ್ರಿಗೆ ಹಿಂಗಾಗಬಾರ್ದು. ಸೈಟ್ ಸರಿ ಮಾಡ್ತೀರಾ? ನಾನು ಹೇಳ್ತೀನಿ, ನೀವು ಮಾಡ್ರಿ."

*

ಸರಿ ಮಾಡಬೇಕಾದ್ದು ಅವಳು ಅಂದುಕೊಂಡದ್ದಕ್ಕಿಂತ ಬಹಳ ಇತ್ತು.

ಹಳೆಯ ಪುಟಗಳನ್ನು ಅವಳು ಡಿಟಿಪಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಳು. ಕಣ್ಣಿಗೆ ಅದು ಅಚ್ಚ ಕನ್ನಡ. ಮೊಬೈಲಿನ ದನಿ ಮಾತ್ರ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಒದರುತ್ತಿತ್ತು. ಕಲ್ಲೇಶ ಫೋನಿನಲ್ಲಿ ಅದನ್ನು ಹಾಗೇ ಅಣಕಿಸಿ ತೋರಿಸಿದಾಗ ಅವಳು ನಗು ತಡೆಯಲಾರದೆ ಟೇಬಲ್ ಮೇಲೆ ತಲೆ ಇಟ್ಟಳು. ಬಟನ್‌ಗಳಿಗೆ ಹೆಸರಿರಲಿಲ್ಲ. "ಬಟನ್, ಬಟನ್, ಬಟನ್ ಅಂತೈತೆ. ಯಾವ ಬಾಗಿಲು ಯಾರ ಮನೇದು ಅಂತ ಬಡಿಯೋದು ಹೇಳ್ರಿ?" ಎನ್ನುತ್ತಿದ್ದ. ಬೂದು ಬಣ್ಣದ ಸಣ್ಣ ಅಕ್ಷರಗಳು ವಯಸ್ಸಾದವರಿಗೆ ಕಾಣುತ್ತಿರಲಿಲ್ಲ. ನ್ಯಾಮತಿಯ ಟೈಲರ್ ಪುಷ್ಪಾಗೆ ಕಿವಿ ಕೇಳಿಸದು. ಬಳಗದವರು ವಿಡಿಯೋದಲ್ಲಿ ಹೇಳುವುದನ್ನೆಲ್ಲ ಅಕ್ಷರದಲ್ಲೂ ಹಾಕಿ ಎಂದು ಅವಳು ಹಿಂದೆ ಎರಡು ಸಲ ಮೆಸೇಜು ಕಳಿಸಿದ್ದು ಶಿವಲೀಲಾಗೆ ಈಗ ನೆನಪಾಯಿತು. ಆ ಕೆಲಸವನ್ನೂ ಕೈಗೆತ್ತಿಕೊಂಡಳು.

ಒಂದು ಮಧ್ಯಾಹ್ನ ಅವಳು ತನ್ನ ಮೊಬೈಲಿನಲ್ಲೂ ಓದುವ ದನಿ ಹಾಕಿಕೊಂಡು, ಕಣ್ಣು ಮುಚ್ಚಿ, ತಾನೇ ಕಟ್ಟಿದ ಸೈಟಿನೊಳಗೆ ಹೋದಳು. ನಾಲ್ಕು ಹೆಜ್ಜೆಗೇ ದಾರಿ ತಪ್ಪಿತು. ಎಲ್ಲಿದ್ದೇನೆ, ಹಿಂದೆ ಹೋಗುವುದು ಹೇಗೆ ಎಂದು ತಿಳಿಯದೆ ಗಾಬರಿಯಾಗಿ ಕಣ್ಣು ತೆರೆದಳು. ತೆರೆಯುವುದಕ್ಕೆ ತನಗೆ ಕಣ್ಣಿದೆ ಎನ್ನುವುದು ಅವತ್ತು ಅವಳಿಗೆ ಸಣ್ಣ ಸಂಗತಿ ಅನ್ನಿಸಲಿಲ್ಲ.

ನಿಧನ ವಾರ್ತೆಯ ಚಿತ್ರಗಳಿಗೆ ಸಾಲು ಬರೆಯುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಬರೆದು ಅವನಿಗೆ ಓದಿ ಹೇಳುತ್ತಿದ್ದಳು.

"'ಹೊನ್ನಾಳಿಯ ಶ್ರೀಮತಿ ಗಂಗಮ್ಮನವರ ಭಾವಚಿತ್ರ.' ಸಾಕಾ?"

"ಹೆಸರು, ಊರು, ಹೊತ್ತು ಮೊದಲು ಬರ್ಲಿ. ಅದು ಬೇಕೇ ಬೇಕು. ಆಮೇಲೆ ಅವ್ರು ಹೆಂಗಿದ್ರು ಅಂತ ಒಂದು ಸಾಲು."

"ಹಸಿರು ಇಳಕಲ್ ಸೀರೆ. ಮೂಗಲ್ಲಿ ಎರಡೂ ಕಡೆ ಮೂಗುಬೊಟ್ಟು. ಕ್ಯಾಮೆರಾದೋನ ಮೇಲೆ ಸಿಟ್ಟು ಬಂದೈತೆ ಅವರಿಗೆ."

"ಸಿಟ್ಟು ಬರೀಬ್ಯಾಡ್ರಿ, ಮನೆಯೋರು ಬೇಜಾರಾಗ್ತಾರೆ," ಎಂದು ಅವನು ನಕ್ಕ. "ಅದನ್ನ ನನಗಷ್ಟೇ ಹೇಳ್ರಿ."

ನನಗಷ್ಟೇ ಹೇಳ್ರಿ. ಫೋನಿಟ್ಟ ಮೇಲೂ ಆ ಮಾತು ಅಂಗಡಿಯಲ್ಲಿ ಅವಳ ಜೊತೆ ಕೂತಿತ್ತು. ಮುಖಗಳನ್ನು ಈಗವಳು ಅವನಿಗಾಗಿ ನೋಡುತ್ತಿದ್ದಳು. ಸಂತೆಯಲ್ಲಿ ಸೊಪ್ಪು ಮಾರುವವಳ ಮುಖ, ಕೆರೆ ಏರಿಯ ಮೇಲಿನ ಸಂಜೆ ಬಿಸಿಲು. ಇದನ್ನು ಹೇಗೆ ಹೇಳಲಿ ಅವನಿಗೆ ಎಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದಳು. ಮೂವತ್ತೊಂದು ವರ್ಷ ತಾನು ಏನನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ ಅನ್ನಿಸುತ್ತಿತ್ತು.

*

ವಧೂವರರ ಪುಟಕ್ಕೆ ಬಂದಾಗ ಜಗಳವಾಯಿತು.

ಅದು ಬಹಳ ಸಿಕ್ಕಿನ ಪುಟ. ಎಷ್ಟು ಮಾಡಿದರೂ ಮೊಬೈಲಿನ ದನಿ ಅರ್ಧ ದಾರಿಯಲ್ಲಿ ಮೂಕವಾಗುತ್ತಿತ್ತು. ಸುಸ್ತಾಗಿ ಶಿವಲೀಲಾ ಹೇಳಿದಳು: "ಇದೊಂದು ಬಿಡ್ರಿ ಅತ್ಲಾಗೆ. ನಿಮಗೆ ಏನಾರ ನೋಡ್ಬೇಕಂದ್ರೆ ನಾನು ಓದಿ ಹೇಳ್ತೀನಿ. ಇದೀನಲ್ಲ ನಾನು."

"ಇರೋವರೆಗೂ ಇರ್ತೀರಿ," ಎಂದ ಅವನು. "ಆಮೇಲೆ?"

"ಹಂಗಂದ್ರೆ?"

"ಬಿ.ಎಡ್. ಓದುವಾಗ ಒಬ್ಬಾಕಿ ನನಗೆ ಪುಸ್ತಕ ಓದಿ ಹೇಳ್ತಿದ್ಲು. ಎರಡು ವರ್ಷ. ಮದುವೆ ಆಗ್ತೀನಿ ಅಂದ್ಲು, ನಾನೂ ಹ್ಞೂಂ ಅಂದೆ. ಆಮೇಲೆ ಒಂದಿನ ಬಂದು ಅತ್ಲು. 'ನನಗೆ ಗೊತ್ತಾಗ್ತಿಲ್ಲ ಕಲ್ಲೇಶ್, ಇದು ಪ್ರೀತಿನೋ ಮರುಕನೋ' ಅಂದ್ಲು. ಆಕೀದು ತಪ್ಪಿಲ್ರಿ. ಓದಿ ಹೇಳ್ತಾ, ಕೇಳಿಸ್ಕೊಳ್ತಾ ನಾವಿಬ್ರೂ ಅದನ್ನೇ ಪ್ರೀತಿ ಅಂದ್ಕೊಂಡ್ವಿ." ಅವನ ದನಿ ಗಟ್ಟಿಯಾಯಿತು. "ಅದಕ್ಕೇ ಹೇಳ್ತೀನಿ. ಆ ಪುಟ ನಾನೇ ಓದೋ ಹಂಗಾಗ್ಬೇಕು. ಯಾರ ಕೈಯಿಂದಲೂ ಅಲ್ಲ. ನಿಮ್ಮ ಕೈಯಿಂದಂತೂ ಬ್ಯಾಡ."

ಕಡೆಯ ಮಾತು ಅವಳಿಗೆ ನೇರ ಎದೆಗೆ ಬಿತ್ತು. ನಿಮ್ಮ ಕೈಯಿಂದಂತೂ ಬ್ಯಾಡ.

"ಆತು ಸರ್," ಎಂದಳು. ಈಚೆಗೆ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದವಳು ಮತ್ತೆ ಸರ್‌ಗೆ ಹೋಗಿದ್ದಳು.

ಬೇರೆ ಹೆಣ್ಣುಗಳ ವಿವರ ಅವನು ತಾನೇ ಓದಿಕೊಳ್ಳಲಿ ಎಂದು ಆ ಪುಟವನ್ನು ಅವಳು ಹಟ ಹಿಡಿದು ಸರಿ ಮಾಡಿದಳು. ಒಂದೊಂದು ಖಾನೆಗೂ ಹೆಸರು ಕೊಟ್ಟಳು. ಒಂದೊಂದು ಫೋಟೋದ ಕೆಳಗೂ ಬರೆದಳು: ಗುಂಗುರು ಕೂದಲು, ನಕ್ಕರೆ ಗುಳಿ ಬೀಳುವ ಕೆನ್ನೆ, ಎತ್ತರದ ನಿಲುವು. ಒಂದು ಫೋಟೋಗೂ ಕಡಿಮೆ ಬರೆಯಲಿಲ್ಲ. ಬರೆಯುವಾಗ ಕಣ್ಣು ತುಂಬಿ ಬಂದರೆ ಒರೆಸಿಕೊಂಡು ಮುಂದಿನದಕ್ಕೆ ಹೋಗುತ್ತಿದ್ದಳು.

ಮುಗಿದ ದಿನ ಅವನಿಗೆ ಮೆಸೇಜು ಹಾಕಿದಳು. "ಎಲ್ಲ ಆಯಿತು. ನೋಡಿ."

"ನೋಡಿದೆ. ಎಲ್ಲೂ ತಡವರಿಸಲಿಲ್ಲ. ಉಪಕಾರ," ಎಂದು ಉತ್ತರ ಬಂತು.

ಅಷ್ಟೇ. ಆಮೇಲೆ ಫೋನು ಬರಲಿಲ್ಲ.

*

ಬರುವುದಕ್ಕೆ ಕಾರಣವಾದರೂ ಏನಿತ್ತು? ಸೈಟು ಈಗ ಅವನ ಜೊತೆ ತಾನೇ ಮಾತಾಡುತ್ತಿತ್ತು. ನಡುವೆ ಅವಳು ಬೇಕಿರಲಿಲ್ಲ.

ಒಂದು ತಿಂಗಳು ಕಳೆಯಿತು. ಒಳ್ಳೆಯ ಸುದ್ದಿಗಳು ಬಂದವು. ಪುಷ್ಪಾ ಈಗ ಎಲ್ಲ ಓದುತ್ತಿದ್ದೇನೆ ಎಂದು ಬರೆದಿದ್ದಳು. ಪಂಚಾಕ್ಷರಪ್ಪನವರು ತಮ್ಮ ಅತ್ತಿಗೆ ಕನ್ನಡಕ ಇಲ್ಲದೆ ಬಸ್ಸಿನ ಟೈಮು ನೋಡಿದರೆಂದು ತಾವೇ ಮಾಡಿಸಿದ ಹಾಗೆ ಎಲ್ಲರಿಗೂ ಹೇಳುತ್ತಿದ್ದರು. ಶಿವಲೀಲಾ ನಗುತ್ತಿದ್ದಳು. ಸಂಜೆ ಫೋನು ಬಡಿದುಕೊಂಡರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದಳು. ಯಾರೋ ಕಾರ್ಡಿನ ಬಗ್ಗೆ ಕೇಳುತ್ತಿದ್ದರು.

"ತ್ಯಾವಣಿಗೆ ಕಡೆಯೋರು ಭಾನುವಾರ ಹೆಣ್ಣು ನೋಡಾಕೆ ಬರ್ತಾರಂತೆ. ಬರ್ರಿ ಅನ್ನಲಾ?" ಎಂದಳು ಅಮ್ಮ ಕಸ್ತೂರಮ್ಮ, ರೊಟ್ಟಿ ತಟ್ಟುತ್ತಾ.

"ಬ್ಯಾಡಮ್ಮ."

ತಟ್ಟುವ ಸದ್ದು ನಿಂತಿತು. "ಯಾರಾದ್ರೂ ಇದಾರಾ?"

"ಇದಾರೆ ಅಂದ್ಕೊಂಡಿದ್ದೆ. ಈಗ ಗೊತ್ತಿಲ್ಲ."

ಎಲ್ಲ ಹೇಳಿದಳು. ಕಸ್ತೂರಮ್ಮ ಒಲೆಯ ಮೇಲಿನ ರೊಟ್ಟಿ ಸೀಯುವವರೆಗೂ ಕೇಳಿದಳು.

"ನಿಮ್ಮಪ್ಪ ಲಕ್ವಾ ಹೊಡೆದು ಒಂಬತ್ತು ವರ್ಷ ಮಲಗಿದ್ರು," ಎಂದಳು ಆಮೇಲೆ. "ನೋಡ್ಕೊಂಡೋಳು ನಾನು. ಜನ ನನ್ನ ದೇವತೆ ಅಂದ್ರು. ದೇವತೆ ಆಗೋದು ಅಂದ್ರೆ ಏನು ಅಂತ ನಂಗೊತ್ತೈತೆ ಕಣೇ. ಅದು ನಿಂಗೆ ಬ್ಯಾಡ."

ಅಮ್ಮನ ಮಾತು ಸುಳ್ಳಾಗಿರಲಿಲ್ಲ.

*

ಮರುವಾರ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕೋಲು ನೆಲಕ್ಕೆ ತಾಗುವ ಸದ್ದು ಕೇಳಿಸಿತು.

"ಶಿವಲೀಲಾ ಅವ್ರ ಅಂಗಡಿ ಇದೇನಾ?"

ಅವಳು ಎದ್ದು ನಿಂತಳು. ಕಲ್ಲೇಶನ ಅಂಗಿ ಪ್ರಯಾಣದಲ್ಲಿ ಮುದುಡಿತ್ತು. ಹಣೆಯ ಮೇಲೆ ಬೆವರಿತ್ತು. ಜೊತೆಗೆ ಯಾರೂ ಇರಲಿಲ್ಲ.

"ಒಬ್ರೇ ಬಂದ್ರಾ? ಜಗಳೂರಿಂದ?"

"ದಾವಣಗೆರೆಯಾಗೆ ಬಸ್ ಬದಲಾಯಿಸ್ದೆ. ಟೈಮು ನಿಮ್ಮ ಸೈಟಲ್ಲೇ ಓದ್ಕೊಂಡೆ. ಒಂದ್ಸಲ ತಪ್ಪು ಬಸ್ ಹತ್ತಿದ್ದೆ, ಇಳಿಸಿದ್ರು."

"ಒಂದು ತಿಂಗಳು ಫೋನಿಲ್ಲ," ಎಂದಳು. ದನಿ ಒಡೆಯಿತು. "ಈಗ ಬಂದು ಬಸ್ಸಿನ ಕತೆ ಹೇಳ್ತೀರಾ?"

"ವಧೂವರರ ಪುಟ ಪೂರ್ತಿ ಓದಿದೆ," ಎಂದ. "ಎಲ್ಲ ಹೆಣ್ಮಕ್ಕಳ ಬಗ್ಗೆ ಎಷ್ಟು ಚಂದಾಗಿ ಬರೆದಿದೀರಿ. ಓದ್ತಾ ಓದ್ತಾ ನನಗೆ ಅವ್ರ್ಯಾರೂ ಕಾಣ್ಲಿಲ್ಲ. ಬರೆಯೋರು ಕಂಡ್ರು."

"ಮತ್ತೆ ಯಾಕೆ ಫೋನ್ ಮಾಡ್ಲಿಲ್ಲ?" ಎಂದಳು.

"ಪರೀಕ್ಷೆ ಮಾಡ್ಕೊಂಡೆ. ನಿಮ್ಮನ್ನಲ್ಲ, ನನ್ನನ್ನ. ಈಗ ಓದಿಸಿಕೊಳ್ಳಾಕೆ ನೀವು ಬೇಕಾಗಿಲ್ಲ. ಎಲ್ಲ ನಾನೇ ಓದ್ತೀನಿ, ನಾನೇ ಬರ್ತೀನಿ, ನಾನೇ ಹೋಗ್ತೀನಿ. ಯಾವುದಕ್ಕೂ ನೀವು ಬ್ಯಾಡ ಅಂತ ಆದ್ಮೇಲೂ ನೀವು ಬೇಕು ಅನ್ಸುತ್ತಾ ಅಂತ ನೋಡ್ಬೇಕಿತ್ತು." ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ದಿನಾ ಸಂಜೆ ಅನ್ನಿಸ್ತು. ಅದಕ್ಕೇ ಈಗ ಕೇಳಾಕೆ ಧೈರ್ಯ ಬಂತು. ಇದಕ್ಕಿಂತ ಮುಂಚೆ ಕೇಳಿದ್ರೆ ಅದು ಬೇಡಿದಂಗೆ ಆಗ್ತಿತ್ತು."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಮಾತು ನಿಂತ್ತು," ಎಂದ ಅವನು, ಹೆದರಿದ ದನಿಯಲ್ಲಿ. "ನೋಡ್ತಾ ಇದೀರಾ?"

"ಇಲ್ಲ," ಎಂದಳು. "ಅಳ್ತಾ ಇದೀನಿ."

ಅವನು ಕೈ ಚಾಚಿದ. ಗಾಳಿಯಲ್ಲಿ ಹುಡುಕಬೇಕಾದ ಹೊತ್ತೂ ಅವಳು ಕೊಡಲಿಲ್ಲ, ತಾನೇ ಹಿಡಿದಳು.

"ನನಗೂ ಒಂದು ಹೇಳೋದೈತೆ," ಎಂದಳು. "ಮರುಕ ಅಂತ ನನ್ನ ಮುಂದೆ ಇನ್ನೊಂದ್ಸಲ ಅನ್ನಬಾರ್ದು. ನಿಮ್ಮ ಫೋನ್ ಬರದೆ ಈ ಒಂದು ತಿಂಗಳು ಅಳ್ತಾ ಇದ್ದೋಳು ನಾನು. ಆಗ ಮರುಕ ಯಾರ ಮೇಲೆ ಬರ್ಬೇಕಿತ್ತು?"

*

ಕಸ್ತೂರಮ್ಮ ಬಾಗಿಲಲ್ಲಿ ಅವನನ್ನು ನೋಡಿದಾಗ ಮುಖ ಬಿಗಿದುಕೊಂಡಳು. ಆದರೂ ಕಾಲಿಗೆ ನೀರು ಕೊಟ್ಟು, ಕುರ್ಚಿ ಎಳೆದು ಹಾಕಿ, ಕಾಫಿ ತಂದಿಟ್ಟಳು. ಲೋಟ ಎಲ್ಲಿದೆ ಎಂದು ಹೇಳಲೋ ಬೇಡವೋ ಎಂದು ನಿಂತಳು.

"ಲೋಟ ಎಲ್ಲೈತಮ್ಮ?" ಎಂದು ಅವನೇ ಕೇಳಿದ.

"ಬಲಗೈ ಹತ್ರ." ಕೂತಳು. ಸುತ್ತಿ ಬಳಸಿ ಮಾತಾಡುವುದು ಅವಳ ಜಾಯಮಾನವಲ್ಲ. "ನೋಡಪ್ಪಾ, ನಾನು ಒಬ್ಬರ ಸೇವೆ ಮಾಡಿ ಮುಗಿಸಿದೋಳು. ನನ್ನ ಮಗಳು ಅದನ್ನೇ ಮಾಡ್ಬೇಕಾ?"

"ಬ್ಯಾಡಮ್ಮ. ನಾನು ಅನ್ನ ಸಾರು ಮಾಡ್ತೀನಿ, ಬಟ್ಟೆ ಒಗೀತೀನಿ, ಶಾಲೆಗೆ ಒಬ್ನೇ ಹೋಗ್ತೀನಿ. ನಾಳೆ ಇಬ್ರಲ್ಲಿ ಯಾರು ಯಾರನ್ನ ನೋಡ್ಕೊಬೇಕಾಗುತ್ತೋ, ಅದನ್ನ ನಾನು ಹೇಳಾಕಾಗಲ್ಲ. ನಿಮಗೂ ಮದುವೆ ದಿನ ಗೊತ್ತಿರ್ಲಿಲ್ಲ."

ಕಸ್ತೂರಮ್ಮ ಗೋಡೆಯ ಮೇಲಿನ ಗಂಡನ ಫೋಟೋ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ನನ್ನ ಮಗಳು ಹೆಂಗಿದಾಳೆ ಅಂತಾದ್ರೂ ಗೊತ್ತೇನಪ್ಪ ನಿಂಗೆ?"

"ಗೊತ್ತಿಲ್ಲಮ್ಮ. ಲೋಕದ ಮುಖವೆಲ್ಲ ವರ್ಣಿಸ್ತಾರೆ. ತಮ್ಮದು ಕೇಳಿದ್ರೆ, 'ಇದೀನಿ ಎಲ್ಲರಂಗೆ' ಅಂತಾರೆ."

"ಎಲ್ಲರಂಗೆ ಏನಿಲ್ಲ!" ಕಸ್ತೂರಮ್ಮನಿಗೆ ಸಿಟ್ಟೇ ಬಂತು. "ಹಣೆ ಅವರಪ್ಪಂದು, ಅಗಲ. ಹುಬ್ಬು ನಂದು. ಸಣ್ಣೋಳಿದ್ದಾಗ ನೀರಿನ ಹಂಡೆ ಮೇಲೆ ಬಿದ್ದು ಎಡಗಡೆ ಹುಬ್ಬಿನಾಗೆ ಒಂದು ಗೆರೆ ಆಗೈತೆ, ಅಲ್ಲಿ ಕೂದ್ಲು ಬರಲ್ಲ. ಬಣ್ಣ ಗೋಧಿ ಬಣ್ಣ, ಬಿಸಿಲಿಗೆ ಹೋದ್ರೆ ಮೂಗಿನ ತುದಿ ಮೊದಲು ಕೆಂಪಾಗುತ್ತೆ. ಸುಳ್ಳು ಹೇಳಾಕೆ ಬರಲ್ಲ ಅವಳಿಗೆ, ಹೇಳಿದ್ರೆ ಕಿವಿ..."

ಅವಳ ದನಿ ಸಡಿಲವಾಗುತ್ತಾ ಹೋಯಿತು. ಶಿವಲೀಲಾ ಅಡುಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ತನ್ನ ಮುಖವನ್ನು ಅಮ್ಮ ಇಷ್ಟು ಕಾಲ ಇಷ್ಟೊಂದು ನೋಡಿದ್ದಳೆಂದು ಅವಳಿಗೆ ಗೊತ್ತಿರಲಿಲ್ಲ. ಕಲ್ಲೇಶ ತಲೆ ಪಕ್ಕಕ್ಕೆ ವಾಲಿಸಿ, ಉಸಿರನ್ನೂ ಸದ್ದಾಗದಂತೆ ಎಳೆದುಕೊಳ್ಳುತ್ತಾ ಕೂತಿದ್ದ.

ಕಸ್ತೂರಮ್ಮ ಥಟ್ಟನೆ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾಫಿ ಆರ್ತೈತೆ, ಕುಡಿ," ಎಂದಳು. "ನಗು ಹೆಂಗೈತೆ ಅಂತ ನಾನು ಹೇಳಲ್ಲ. ಅದನ್ನ ಮನೆ ತುಂಬಿಸ್ಕೊಂಡ ಮೇಲೆ ನೀನೇ ತಿಳ್ಕೊ."